ಮೇಸ್ತ್ರಿಯ ಕೈಯಿಂದ ಎಚ್.ಆರ್. ಮೇಜಿಗೆ

ನೂರು ವರ್ಷಗಳ ಹಿಂದೆ ಮುಂಬಯಿಯ ಹತ್ತಿಗಿರಣಿಗಳ ಬಾಗಿಲಲ್ಲಿ ಬೆಳಗಾಗುವ ಮುಂಚೆಯೇ ಜನ ಸೇರುತ್ತಿದ್ದರು. ಅವರೆಲ್ಲ ಬದಲಿ ಕೆಲಸಗಾರರು. ಕಾಯಂ ನೌಕರ ಬಾರದಿದ್ದರೆ ಅವನ ಮಗ್ಗ ಅಂದಿಗೆ ಇವರಲ್ಲೊಬ್ಬನಿಗೆ ಸಿಗುತ್ತಿತ್ತು. ಯಾರಿಗೆ ಎಂಬುದನ್ನು ತೀರ್ಮಾನಿಸುತ್ತಿದ್ದವನು ಮಾಲೀಕನೂ ಅಲ್ಲ, ಮ್ಯಾನೇಜರನೂ ಅಲ್ಲ; ಒಳಗಿನಿಂದ ಬಂದು ಬೆರಳು ತೋರಿಸುವ ಜಾಬರ್. ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಇವನೇ ಸರದಾರ, ನಮ್ಮ ಕಡೆ ಮೇಸ್ತ್ರಿ. ಊರಿಂದ ಆಳು ಕರೆತರುವವನು ಅವನೇ. ಇರಲು ಕೋಣೆ ನೋಡುವವನು, ಕಷ್ಟಕ್ಕೆ ಸಾಲ ಕೊಡುವವನೂ ಹೆಚ್ಚಾಗಿ ಅವನೇ. ಕೆಲಸ ಸಿಗಲು ಅವನ ಕೈ ಬೆಚ್ಚಗೆ ಮಾಡಬೇಕಿತ್ತು. ಸಿಕ್ಕ ಕೆಲಸ ಉಳಿಯಲು ಮತ್ತೆ ಮಾಡಬೇಕಿತ್ತು.

ಇಂದು ಎಚ್.ಆರ್. ಎಂಬ ಎರಡಕ್ಷರದಲ್ಲಿ ಅಡಗಿರುವ ನೇಮಕ, ಶಿಸ್ತು, ಕ್ಷೇಮ, ಬಡ್ತಿ, ವಜಾ ಎಲ್ಲವೂ ಆಗ ಈ ಒಬ್ಬ ಮನುಷ್ಯನ ಮುಷ್ಟಿಯಲ್ಲಿದ್ದವು. ಭಾರತದಲ್ಲಿ ಆ ಇಲಾಖೆಯ ಚರಿತ್ರೆಯೆಂದರೆ ಆ ಮುಷ್ಟಿಯನ್ನು ಬಿಡಿಸಲು ನಡೆದ ಪ್ರಯತ್ನದ ಚರಿತ್ರೆ. ಅಧಿಕಾರ ಮೇಸ್ತ್ರಿಯ ಕೈಬಿಟ್ಟಿತೇನೋ ನಿಜ. ಅದನ್ನು ವಹಿಸಿಕೊಂಡ ಅಧಿಕಾರಿ ಯಾರ ಕಡೆಯವನು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಜೆ.ಎಚ್. ವ್ಹಿಟ್ಲಿ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗದಿಂದ. 1929ರಲ್ಲಿ ನೇಮಕವಾದ ಆಯೋಗ ದೇಶವೆಲ್ಲ ಸುತ್ತಿ 1931ರಲ್ಲಿ ವರದಿ ಕೊಟ್ಟಿತು. ಆಳುಗಳನ್ನು ಸೇರಿಸುವ, ತೆಗೆಯುವ ಅಧಿಕಾರ ಜಾಬರನಿಗೆ ಇರಕೂಡದು; ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೆಂದೇ ಒಬ್ಬ ಲೇಬರ್ ಆಫೀಸರ್ ಇರಬೇಕು, ಅವನು ನೇರವಾಗಿ ಜನರಲ್ ಮ್ಯಾನೇಜರನಿಗೆ ಮಾತ್ರ ಉತ್ತರ ಹೇಳಬೇಕು ಎಂದಿತು. ಮುಂಬಯಿ ಸರ್ಕಾರ 1934ರ ಕಾಯ್ದೆಯ ಮೂಲಕ ತನ್ನದೇ ಒಬ್ಬ ಲೇಬರ್ ಆಫೀಸರನನ್ನು ನೇಮಿಸಿತು. ಗಿರಣಿಗಳೂ ಒಂದೊಂದಾಗಿ ಆ ದಾರಿ ಹಿಡಿದವು.

ಮಾಲೀಕರಿಗೂ ಇದು ಬೇಕಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಷ್ಕರದ ದಿನ ಮೇಸ್ತ್ರಿ ಯಾವ ಕಡೆ ವಾಲುತ್ತಾನೆಂದು ಹೇಳಲಾಗುತ್ತಿರಲಿಲ್ಲ. ಕಾಗದದ ಮೇಲಿನ ದಾಖಲೆ ಹಾಗಲ್ಲ, ಇಟ್ಟ ಕಡೆ ಇರುತ್ತದೆ.

ಆದರೆ ದಾಖಲೆಯನ್ನು ಕೆಲಸಗಾರ ಹೇಗೆ ಕಂಡ? ಇದಕ್ಕೆ ಉತ್ತರ ಸಿಗುವುದು ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಗಣಿ ಕಂಪನಿಗಳು 1930ರಲ್ಲಿ ಎಲ್ಲ ಕೂಲಿಗಳ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟವು. ಒಂದು ಗಣಿಯಲ್ಲಿ ವಜಾ ಆದವನು ಬೇರೆ ಹೆಸರು ಹೇಳಿ ಪಕ್ಕದ ಗಣಿ ಸೇರಿಕೊಳ್ಳಲು ಇನ್ನು ಸಾಧ್ಯವಿರಲಿಲ್ಲ. ಬೆರಳಚ್ಚು ಕೊಡುವವರು ಕಳ್ಳರು, ನಾವೇಕೆ ಕೊಡಬೇಕು ಎಂಬುದು ಕೂಲಿಗಳ ಅಳಲು. ಹೇಳಿಕೊಳ್ಳುವಂಥ ಸಂಘವೇ ಇಲ್ಲದ ಕಾಲದಲ್ಲಿ ಸುಮಾರು ಮೂರು ವಾರ ಗಣಿಗಳು ನಿಂತವು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮುಷ್ಕರಕ್ಕೆ ದೊಡ್ಡ ಸ್ಥಾನವಿದೆ. ಈಗ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ನೌಕರರು ಬಾಗಿಲಲ್ಲಿ ಬೆರಳೊತ್ತಿಯೇ ಒಳಗೆ ಹೋಗಬೇಕು. ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಹೊಸ ಅಧಿಕಾರಿಗಳನ್ನು ತಯಾರು ಮಾಡುವ ಕೆಲಸ ಬಿದ್ದದ್ದು ಸಮಾಜಕಾರ್ಯದ ಶಾಲೆಗಳ ಮೇಲೆ. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುವಾಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ಅದೇ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್, ನಾಗಪಾಡದ ಬಡಾವಣೆಯಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಅಮೆರಿಕನ್ ಪಾದ್ರಿ. ಅನಾಥ ಮಕ್ಕಳು, ಆಸ್ಪತ್ರೆಯ ರೋಗಿಗಳು, ಕಾರ್ಖಾನೆಯ ಕೂಲಿಗಳು ಒಂದೇ ಪಠ್ಯದಲ್ಲಿ ಬರುತ್ತಿದ್ದರು. ಆ ನಂಟು ಕರ್ನಾಟಕದಲ್ಲಿ ಇನ್ನೂ ಕಡಿದಿಲ್ಲ. ಮಂಗಳೂರಿನ ರೋಶನಿ ನಿಲಯದಲ್ಲೋ ಧಾರವಾಡದಲ್ಲೋ ಎಂ.ಎಸ್.ಡಬ್ಲ್ಯು. ಓದಿದ ಹುಡುಗ ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಎಚ್.ಆರ್. ಆಗಿ ಸೇರುವುದು ಇಂದಿಗೂ ಸಾಮಾನ್ಯ. ಹಳ್ಳಿಯ ಶಿಬಿರದಲ್ಲಿ ಜನರ ಕಷ್ಟ ಕೇಳಲು ಕಲಿತವನು ಮೊದಲ ತಿಂಗಳಲ್ಲೇ ಗುತ್ತಿಗೆ ಕಾರ್ಮಿಕರ ಹಾಜರಿ ಪುಸ್ತಕ ಹಿಡಿದು ಕೂರುತ್ತಾನೆ.

1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕೆಂದಿತು. ಕ್ಯಾಂಟೀನಿನ ಅನ್ನ, ಕೂಸುಗಳ ತೊಟ್ಟಿಲುಮನೆ, ಕುಡಿಯುವ ನೀರು, ಕೆಲಸಗಾರರ ದೂರು ಇವೆಲ್ಲ ಅವನ ಪಾಲು. ಅವನಿಗೆ ಸಂಬಳ ಕೊಡುವವರು ಮಾತ್ರ ಆಡಳಿತದವರು. ಈ ಇಕ್ಕಟ್ಟು ಗೊತ್ತಿದ್ದೇ, ಅವನು ಆಡಳಿತದ ಪರವಾಗಿ ಕಾರ್ಮಿಕನ ವಿರುದ್ಧ ನ್ಯಾಯಮಂಡಳಿಯಲ್ಲಿ ನಿಲ್ಲಕೂಡದು, ಶಿಸ್ತುಕ್ರಮಕ್ಕೆ ಕೈಹಾಕಕೂಡದು ಎಂಬ ನಿಯಮ ಹಲವು ರಾಜ್ಯಗಳಲ್ಲಿ ಬಂತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗವೂ 1969ರಲ್ಲಿ ಅದನ್ನೇ ಹೇಳಿತು. ನಿಯಮ ಹೇಳಿದ್ದನ್ನು ಆಯೋಗವೊಂದು ಮತ್ತೆ ಹೇಳಬೇಕಾಗಿ ಬಂದದ್ದೇ ಅದು ಎಷ್ಟರಮಟ್ಟಿಗೆ ನಡೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ.

ಬೆಂಗಳೂರಿನಲ್ಲಿ ಆ ಹೊತ್ತಿಗೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಕಾಲ. ಪರ್ಸನಲ್ ಡಿಪಾರ್ಟ್‌ಮೆಂಟ್ ಎಂಬ ಹೆಸರು ಬಂದಿತ್ತು. ಸೈರನ್, ಟೈಮ್ ಆಫೀಸ್, ಸಬ್ಸಿಡಿ ಕ್ಯಾಂಟೀನು, ಕ್ವಾರ್ಟರ್ಸು, ಕನ್ನಡ ಸಂಘದ ರಾಜ್ಯೋತ್ಸವ: ಕೆಲಸದ ಸಂಸ್ಕೃತಿ ಎಂಬ ಮಾತು ಹುಟ್ಟುವ ಮೊದಲೇ ಅಲ್ಲೊಂದು ಸಂಸ್ಕೃತಿ ಇತ್ತು. ಬಡ್ತಿ ಬಹುಮಟ್ಟಿಗೆ ಸೀನಿಯಾರಿಟಿ ಪಟ್ಟಿಯ ಲೆಕ್ಕ. ಪರ್ಸನಲ್ ಆಫೀಸರನ ನಿಜವಾದ ಪರೀಕ್ಷೆ ಯೂನಿಯನ್ನಿನೊಡನೆ ಮಾತುಕತೆಯಲ್ಲಿ. 1980ರ ಡಿಸೆಂಬರ್ ಕೊನೆಯಲ್ಲಿ ಆ ಮಾತುಕತೆ ಮುರಿದುಬಿತ್ತು. ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಕೇಳಿ ಸಾರ್ವಜನಿಕ ಉದ್ದಿಮೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದರು.

ಒಬ್ಬ ನೌಕರನ ಮುಂದಿನ ದಾರಿ ಏನು ಎಂದು ಕೇಳುವ ಪದ್ಧತಿ ಬಂದದ್ದು ಇನ್ನೊಂದು ದಿಕ್ಕಿನಿಂದ. 1970ರ ದಶಕದ ನಡುವಿನಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ತನ್ನ ಮೌಲ್ಯಮಾಪನ ಪದ್ಧತಿಯನ್ನು ಪರಿಶೀಲಿಸಲು ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಯಿತು. ನಮೂನೆಯ ಒಂದೆರಡು ಕಾಲಂ ಬದಲಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೌಲ್ಯಮಾಪನ, ಮೇಲಧಿಕಾರಿಯೊಡನೆ ಎದುರುಬದುರು ಮಾತು, ತರಬೇತಿ, ವೃತ್ತಿಯ ಬೆಳವಣಿಗೆ ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ಮಾನವ ಸಂಪನ್ಮೂಲ ಅಭಿವೃದ್ಧಿಗೆಂದೇ ಬೇರೆ ವಿಭಾಗ ಬೇಕೆಂದರು. ಶಿಸ್ತು ಮತ್ತು ಸಂಬಳ ನೋಡುವವರ ಮುಂದೆ ಯಾರು ತಾನೇ ತನ್ನ ಕುಂದನ್ನು ಬಾಯಿಬಿಟ್ಟು ಹೇಳಿಯಾರು? ಈ ಚರಿತ್ರೆಯಲ್ಲಿ ಇಷ್ಟು ಜಾಣತನದ ಸಲಹೆ ಇನ್ನೊಂದಿಲ್ಲ. ಎಷ್ಟೋ ಕಂಪನಿಗಳು ಹೆಸರನ್ನು ಎತ್ತಿಕೊಂಡು ಸಲಹೆಯನ್ನು ಬಿಟ್ಟದ್ದೂ ಅಷ್ಟೇ ನಿಜ.

ಎದುರುಬದುರು ಮಾತಿನ ಬೆಲೆ ತಿಳಿಯಲು, ಸರ್ಕಾರಿ ಕಚೇರಿಯಲ್ಲಿ ನೌಕರನ ಬಗ್ಗೆ ಮೇಲಧಿಕಾರಿ ಪ್ರತಿ ವರ್ಷ ಬರೆಯುತ್ತಿದ್ದ ಗೌಪ್ಯ ವರದಿಯನ್ನು ನೋಡಬೇಕು. ವರದಿಯಲ್ಲಿ ಕೆಟ್ಟದ್ದು ಬರೆದಿದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಕೇಂದ್ರದ ಒಬ್ಬ ಎಂಜಿನಿಯರಿಗೆ ಒಂದು ವರ್ಷ ‘ಉತ್ತಮ’ ಎಂದು ಬರೆದಿತ್ತು. ಬಡ್ತಿಗೆ ಬೇಕಿದ್ದದ್ದು ‘ಅತ್ಯುತ್ತಮ’. ಉತ್ತಮ ಎಂಬುದು ಕೆಟ್ಟ ಮಾತಲ್ಲವಲ್ಲ, ಹಾಗಾಗಿ ಅವರಿಗೆ ಯಾರೂ ಹೇಳಲಿಲ್ಲ, ಬಡ್ತಿ ಕೈತಪ್ಪಿತು. 2008ರಲ್ಲಿ ಸುಪ್ರೀಂ ಕೋರ್ಟ್ ದೇವ್ ದತ್ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ತೀರ್ಪಿತ್ತಿತು.

‘ಮಾನವ ಸಂಪನ್ಮೂಲ’ ಎಂಬ ಪದವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ್ದು ಕಂಪನಿಗಳಲ್ಲ, ದಿಲ್ಲಿ. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಶಿಕ್ಷಣ ಖಾತೆಗೇ ಆ ಹೆಸರಿಟ್ಟಿತು. ಕಲ್ಲಿದ್ದಲು, ಅದಿರುಗಳ ಸಾಲಿನಲ್ಲಿ ಮನುಷ್ಯರನ್ನೂ ಸಂಪನ್ಮೂಲವೆಂದು ಕರೆಯುವುದು ಕಿವಿಗೆ ಅಷ್ಟು ಹಿತವಲ್ಲ. 2020ರಲ್ಲಿ ಖಾತೆ ಮತ್ತೆ ಶಿಕ್ಷಣವೇ ಆಯಿತು. ಕಂಪನಿಗಳಲ್ಲಿ ಮಾತ್ರ ಪದ ಬೇರುಬಿಟ್ಟಿತ್ತು.

ಅದಕ್ಕೆ ನೀರೆರೆದದ್ದು ಸಾಫ್ಟ್‌ವೇರ್. ಅಲ್ಲಿ ಆಗ ಯೂನಿಯನ್ ಇರಲಿಲ್ಲ, ಸೀನಿಯಾರಿಟಿ ಪಟ್ಟಿಯೂ ಇರಲಿಲ್ಲ. ಇನ್ಫೋಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಹಂಚಿತು, ಮುಂದೆ ಮೈಸೂರಿನಲ್ಲಿ ಊರಿನಷ್ಟು ದೊಡ್ಡ ತರಬೇತಿ ಕೇಂದ್ರ ಕಟ್ಟಿತು. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಹೆಸರುವಾಸಿ ಮಾಡಿದ ಲೆಕ್ಕವೂ ಬಂತು: ನೂರು ಜನರಲ್ಲಿ 20 ಮಂದಿ ಮೇಲೆ, 70 ನಡುವೆ, 10 ಹೊರಗೆ. ಇದರ ಬೆಲ್ ಕರ್ವ್ ಎಂಬ ರೂಪ ಬೆಂಗಳೂರಿನ ಅಪ್ರೈಸಲ್ ಮಾತಿನ ಬಣ್ಣವನ್ನೇ ಬದಲಿಸಿತು. ಇಡೀ ತಂಡ ಚೆನ್ನಾಗಿ ದುಡಿದಿದ್ದರೂ ಯಾರಾದರೊಬ್ಬ ಕೆಳಗೆ ಬೀಳಲೇಬೇಕು. ಮ್ಯಾನೇಜರ್ ಎಚ್.ಆರ್. ಕಡೆ ಕೈ ತೋರಿಸುತ್ತಾನೆ, ಎಚ್.ಆರ್. ಮ್ಯಾನೇಜರನ ಕಡೆ. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಶ್ರೇಣಿಯನ್ನು ಕೈಬಿಟ್ಟಿತು, ಆಮೇಲೆ ಇನ್ನೂ ಕೆಲವು ಕಂಪನಿಗಳು ಬಿಟ್ಟವು.

ಈ ಉದ್ಯಮಕ್ಕೆ ಕರ್ನಾಟಕ ಸರ್ಕಾರ ಒಂದು ವಿಶೇಷ ಸವಲತ್ತು ಕೊಟ್ಟಿತು. ರಜೆ, ಪಾಳಿ, ವಜಾಗಳ ಷರತ್ತನ್ನು ಬರೆದು ಸರ್ಕಾರದ ಮುದ್ರೆ ಪಡೆಯಬೇಕೆಂಬ 1946ರ ಸ್ಥಾಯಿ ಆದೇಶ ಕಾಯ್ದೆಯಿಂದ ಐ.ಟಿ. ಕಂಪನಿಗಳಿಗೆ ವಿನಾಯಿತಿ. 2014ರಲ್ಲಿ ಐದು ವರ್ಷಕ್ಕೆ ಕೊಟ್ಟದ್ದನ್ನು 2019ರಲ್ಲೂ 2024ರಲ್ಲೂ ಮುಂದುವರಿಸಲಾಯಿತು. ಷರತ್ತುಗಳಿದ್ದವು: ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ, ಕುಂದುಕೊರತೆ ಸಮಿತಿ ಇರಬೇಕು; ವಜಾ, ಅಮಾನತುಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು. ಈ ಕೆಲಸವೆಲ್ಲ ನಡೆಯುವುದು ಎಚ್.ಆರ್. ಮೇಜಿನ ಮೇಲೆ. 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ ಕಿಟು, ಷರತ್ತುಗಳ ಪಾಲನೆಯನ್ನು ಕೇಳುವವರಿಲ್ಲ ಎಂದು ವಿನಾಯಿತಿಯನ್ನು ವಿರೋಧಿಸುತ್ತಲೇ ಬಂದಿದೆ. ಕೆಲಸ ಬಿಡಲು ಒತ್ತಾಯಿಸಿದರೆಂಬ ದೂರು ಹಿಡಿದು ಲೇಬರ್ ಕಮಿಷನರ್ ಕಚೇರಿಗೆ ಬರುವ ಎಂಜಿನಿಯರುಗಳು ಈಗ ಅಪರೂಪವಲ್ಲ.

2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎರಡು ಅಂಕಿಗಳಿವೆ. ಸ್ಥಾಯಿ ಆದೇಶ ಬೇಕಾಗುವುದು ಇನ್ನು 300 ಕೆಲಸಗಾರರಿದ್ದರೆ. ಹಿಂದೆ ಕೇಂದ್ರದ ಕಾಯ್ದೆಯಲ್ಲಿ ಅದು 100 ಇತ್ತು. ವೆಲ್ಫೇರ್ ಆಫೀಸರ್ ಬೇಕಾಗುವುದು 250 ಕೆಲಸಗಾರರಿದ್ದರೆ. ಹಿಂದೆ ಅದು 500 ಇತ್ತು. ಅಂದರೆ 270 ಜನರ ಕಾರ್ಖಾನೆಯೊಂದರಲ್ಲಿ ದೂರು ಕೇಳಲು ಅಧಿಕಾರಿ ಇರುತ್ತಾನೆ, ಅವನು ತೆರೆದು ತೋರಿಸಬೇಕಾದ ನಿಯಮದ ಪುಸ್ತಕ ಇರಬೇಕೆಂದಿಲ್ಲ.