ಫಿನಾಯಿಲಿನ ವಾಸನೆ

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಸೀಮೆಯವರು ದೊಡ್ಡ ಬೇನೆ ಬಂದರೆ ಮಿರಜಿನ ದಾರಿ ಹಿಡಿಯುವುದು ಹಳೆಯ ರೂಢಿ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಮಿರಜಿನಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ಸರು 1894ರಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. ಆಸ್ಪತ್ರೆಗೆ ಹೋಗಿಬಂದವರನ್ನು ನಾವು ಕೇಳುವುದು, 'ಸ್ವಚ್ಛ ಐತೇನ್ರಿ?' ಎಂದೇ. ಫರಸಿ ಹೊಳೆದು ಫಿನಾಯಿಲಿನ ವಾಸನೆ ಬಂದರೆ ನಮಗೆ ಅರ್ಧ ಧೈರ್ಯ. ಈ ಅಳತೆ ಸುಳ್ಳಲ್ಲ, ಸಾಲದು ಅಷ್ಟೆ.

ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ತಾಯಂದಿರು ಆ ವಿಭಾಗ ಬೇಡವೆಂದು ಅಂಗಲಾಚುತ್ತಿದ್ದರಂತೆ! ಈ ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ಹೆರಿಗೆಗೆ ಬರುವವರು. ಸಾಬೂನಿನಿಂದ ತೊಳೆದ ಕೈ ಕಣ್ಣಿಗೆ ಶುಭ್ರವೇ. ಹೆಣದ ವಾಸನೆ ಮಾತ್ರ ಹೋಗುತ್ತಿರಲಿಲ್ಲ. 1847ರಲ್ಲಿ ಸೆಮ್ಮೆಲ್ವೈಸ್ ಎಂಬ ತರುಣ ವೈದ್ಯ ಅವರೆಲ್ಲರ ಕೈಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ತೊಳೆಯಿಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು.

ಬಾಣಂತಿಯರನ್ನು ಕೊಂದದ್ದು ತಮ್ಮ ಕೈಗಳೇ ಎಂಬ ಮಾತನ್ನು ಹಿರಿಯ ವೈದ್ಯರಲ್ಲಿ ಹಲವರು ಸಹಿಸಲಿಲ್ಲ. ಲಿಸ್ಟರನ ಕಾರ್ಬಾಲಿಕ್ ಆಮ್ಲದ ಲೇಖನ 1867ರಲ್ಲಿ ಪ್ರಕಟವಾದಾಗ ಸೆಮ್ಮೆಲ್ವೈಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಮಿರಜಿಗೆ ಬಂದ ವಾನ್ಲೆಸ್ಸರ ಪೀಳಿಗೆಯ ವೈದ್ಯರು ಕೈ ತೊಳೆಯುವುದನ್ನು ಕಲಿತೇ ಬಂದಿದ್ದರು.