ಪದನಾಮ

ಪದನಾಮವು ಸರ್ಕಾರಿ ಇಲಾಖೆ ಅಥವಾ ಸಂಸ್ಥೆಯಲ್ಲಿ ಒಂದು ಹುದ್ದೆಗೆ ಅಧಿಕೃತವಾಗಿ ನೀಡಲಾದ ಹೆಸರು. ಇದು ಕೆಲಸದ ಸ್ವರೂಪವನ್ನು ಸೂಚಿಸುವುದರ ಜೊತೆಗೆ ಸಹೋದ್ಯೋಗಿಗಳು ಮತ್ತು ಸಾರ್ವಜನಿಕರು ಆ ವ್ಯಕ್ತಿಯನ್ನು ಸಂಬೋಧಿಸುವ ಹಾಗೂ ನಡೆಸಿಕೊಳ್ಳುವ ರೀತಿಯ ಮೇಲೂ ಪ್ರಭಾವ ಬೀರುತ್ತದೆ. ಗದಗ ಜಿಲ್ಲೆಯ ಕಂದಾಯ ಹುದ್ದೆಗಳ ಇತಿಹಾಸ ಇದಕ್ಕೆ ಉದಾಹರಣೆಯಾಗಿದೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಗದಗ-ಬೆಟಗೇರಿ ಮತ್ತು ಮುಂಡರಗಿ ಪ್ರದೇಶಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೂ ಸೇರಿದ್ದವು. ಈ ಭಾಗದ ಗ್ರಾಮಾಡಳಿತದಲ್ಲಿ ಗೌಡ (ಪಾಟೀಲ), ಕುಲಕರ್ಣಿ, ತಳವಾರ, ವಾಲೀಕಾರ ಮುಂತಾದ ವಂಶಪಾರಂಪರ್ಯ ಹುದ್ದೆಗಳಿದ್ದವು. ಹುದ್ದೆಯೊಂದಿಗೆ ವತನದ ಭೂಮಿ ಮಾತ್ರವಲ್ಲದೆ ಸಾಮಾಜಿಕ ಸ್ಥಾನವೂ ತಂದೆಯಿಂದ ಮಗನಿಗೆ ಬರುತ್ತಿತ್ತು. ಈ ಪದಗಳು ಇಂದಿಗೂ ಅಡ್ಡಹೆಸರುಗಳಾಗಿ ಉಳಿದಿವೆ.

ಬದಲಾವಣೆ

ಮುಂಬಯಿ ಸರ್ಕಾರದ 1950ರ ಕಾಯ್ದೆಯು ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. ಉಳಿದ ವಂಶಪಾರಂಪರ್ಯ ಗ್ರಾಮ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಡಿ, 1963ರಲ್ಲಿ ಕೊನೆಗೊಂಡವು. ಲೆಕ್ಕಪತ್ರದ ಕೆಲಸವು ಸಂಬಳ ಪಡೆಯುವ ತಲಾಠಿಯ ಪಾಲಾಯಿತು. ಮುಂದೆ ಈ ಹುದ್ದೆ ಗ್ರಾಮ ಲೆಕ್ಕಿಗ, ಗ್ರಾಮ ಲೆಕ್ಕಾಧಿಕಾರಿ ಎಂದು ಕರೆಯಲ್ಪಟ್ಟು, ಇತ್ತೀಚೆಗೆ ‘ಗ್ರಾಮ ಆಡಳಿತ ಅಧಿಕಾರಿ’ ಎಂಬ ಪದನಾಮ ಪಡೆಯಿತು. ಆದರೂ ಹಳ್ಳಿಗಳ ಮಾತಿನಲ್ಲಿ ‘ತಲಾಠಿ’ ಎಂಬ ಪದವೇ ಬಳಕೆಯಲ್ಲಿದೆ.

ನಡವಳಿಕೆಯ ಮೇಲಿನ ಪರಿಣಾಮ

ಕನ್ನಡದಲ್ಲಿ ಏಕವಚನ ಮತ್ತು ಬಹುವಚನಗಳ ಆಯ್ಕೆಯೇ ಗೌರವದ ಅಳತೆಯಾಗಿರುವುದರಿಂದ ಪದನಾಮದ ಪ್ರಭಾವ ಸಂಬೋಧನೆಯಲ್ಲಿ ನೇರವಾಗಿ ಕಾಣುತ್ತದೆ. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಅಧಿಕಾರಿಯನ್ನು ‘ಸಾಹೇಬ್ರ’ ಎಂದು ಕರೆಯುವವರೇ, ವಯಸ್ಸಿನಲ್ಲಿ ಹಿರಿಯನಾದ ಸಿಪಾಯಿಯನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದುಂಟು. ಶಾಲೆಗಳಲ್ಲಿ ‘ಮಾಸ್ತರ’, ‘ಅಕ್ಕೋರು’ ಎಂಬ ಪದಗಳು ಹುದ್ದೆ ಮತ್ತು ಗೌರವ ಎರಡನ್ನೂ ಸೂಚಿಸುತ್ತವೆ. ನಗರಸಭೆಗಳಲ್ಲಿ ‘ಝಾಡಮಾಲಿ’ಯಂತಹ ಪದಗಳ ಬದಲು ‘ಪೌರಕಾರ್ಮಿಕ’ ಎಂಬ ಪದನಾಮ ರೂಢಿಗೆ ಬಂದದ್ದು ಜಾತಿಸೂಚಕ ಅವಮಾನವನ್ನು ತಗ್ಗಿಸುವ ದೃಷ್ಟಿಯಿಂದ ಮಹತ್ವದ್ದಾಗಿದೆ.

ಮಿತಿಗಳು

ಪದನಾಮ ಬದಲಾದ ಮಾತ್ರಕ್ಕೆ ಸೇವಾ ಸ್ಥಿತಿ ಬದಲಾಗುವುದಿಲ್ಲ. ‘ಅಧಿಕಾರಿ’ ಎಂಬ ಹೆಸರು ದೊರೆತ ನಂತರವೂ ಗ್ರಾಮ ಆಡಳಿತ ಅಧಿಕಾರಿಗಳು ಕಚೇರಿ ಸೌಲಭ್ಯಗಳ ಕೊರತೆ ಮತ್ತು ಮೊಬೈಲ್ ಆ್ಯಪ್‌ಗಳ ಕೆಲಸದ ಒತ್ತಡವನ್ನು ವಿರೋಧಿಸಿ 2024ರಲ್ಲಿ ರಾಜ್ಯಾದ್ಯಂತ ಮುಷ್ಕರ ನಡೆಸಿದರು. ಅಂಗನವಾಡಿ ‘ಕಾರ್ಯಕರ್ತೆ’ಯರಿಗೆ ವೇತನದ ಬದಲು ‘ಗೌರವಧನ’ ನೀಡಲಾಗುತ್ತದೆ. ಅವರು ಉಪದಾನಕ್ಕೆ (ಗ್ರಾಚ್ಯುಟಿ) ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪು ನೀಡಿತು. ಹೀಗೆ ಪದನಾಮವು ಗೌರವದ ಜೊತೆಗೆ ನೌಕರರ ಹಕ್ಕುಗಳ ಪ್ರಶ್ನೆಯೂ ಆಗಿದೆ.