ಪೊರೆ ಕಳೆದ ಕಣ್ಣು

ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದ ದಿನಗಳಲ್ಲಿಯೂ ಮುಪ್ಪಿನ ಕಣ್ಣಿಗೆ ಪೊರೆ ಕವಿಯುತ್ತಿತ್ತು. ಸುಶ್ರುತನಿಂದ ನಡೆದುಬಂದ ಉಪಾಯವೇ ಆಗಿನವರ ಆಸರೆ: ಜವೆಗೋದಿಯ ಮೊನೆಯಂಥ ಶಲಾಕೆಯಿಂದ ಚುಚ್ಚಿ, ಮಬ್ಬಾದ ಮಸೂರವನ್ನು ಕಣ್ಣೊಳಗೇ ಸರಿಸುವುದು. ಬೆಳಕು ಕಂಡವರುಂಟು, ಕೀವಾಗಿ ಕಣ್ಣನ್ನೇ ಕಳೆದುಕೊಂಡವರೂ ಉಂಟು. ಫ್ರಾನ್ಸಿನ ದಾವಿಯೆಲ್ ಮಸೂರವನ್ನು ಹೊರತೆಗೆದದ್ದು 1747ರಲ್ಲಿ. ಅಷ್ಟರಲ್ಲಿ ಹಂಪಿ ಹಾಳಾಗಿ 180 ವರ್ಷಗಳು ಸಂದಿದ್ದವು.

ಆ ವಿದ್ಯೆಯನ್ನು ಕನ್ನಡದ ಹಳ್ಳಿಗಳಿಗೆ ಹೊತ್ತು ತಂದವರಲ್ಲಿ ಅಗ್ರಗಣ್ಯರು 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ. ರೋಗಿ ಆಸ್ಪತ್ರೆಗೆ ಬರಲಾರನೆಂದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂಬುದು ಅವರ ಹಟ. ಶಾಲೆ, ಛತ್ರಗಳೇ ಶಸ್ತ್ರಕ್ರಿಯೆಯ ಕೋಣೆಗಳಾದವು. ಸಾಲಾಗಿ ಹಾಕಿದ ಮೇಜುಗಳ ನಡುವೆ ಅವರು ನಿಲ್ಲದೆ ನಡೆಯುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದರು. ಅದು ನನಗೆ ಇಂದಿಗೂ ಬೆರಗು.

ಮೋದಿಯವರು ಹಳ್ಳಿ ಹಳ್ಳಿ ತಿರುಗುತ್ತಿದ್ದ ಕಾಲದಲ್ಲೇ ಹಂಪಿಯ ತುಂಗಭದ್ರೆಯ ದಂಡೆಯಲ್ಲಿ ಹೊಸ ಯುಗ. 1953ರಲ್ಲಿ ಹೊಸಪೇಟೆಯ ಅಣೆಕಟ್ಟೆಯಲ್ಲಿ ನೀರು ನಿಂತಿತು. ಬಳ್ಳಾರಿ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಕಂಪ್ಲಿಯ ಬಯಲಲ್ಲಿ ಭತ್ತ, ಸಂಡೂರಿನ ಗುಡ್ಡಗಳಲ್ಲಿ ಅದಿರು. ಆದರೆ ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂದದ್ದು 1961ರಲ್ಲಿ. ಮನೆಯ ಮೂಲೆ ಹಿಡಿದು ಕೂತ ಮುದುಕಿಗೆ ಬಳ್ಳಾರಿಯೂ ದೂರವೇ. ಕರೆದೊಯ್ಯಲು ದುಡಿಯುವ ಮಗ ಒಂದು ದಿನದ ಕೂಲಿ ಬಿಡಬೇಕು.

ಪೊರೆ ತೆಗೆಸಿಕೊಂಡವರ ಮುಂದಿನ ಬದುಕನ್ನು ಚರಿತ್ರೆ ಅಷ್ಟಾಗಿ ಬರೆದಿಟ್ಟಿಲ್ಲ. ಮಸೂರವಿಲ್ಲದ ಕಣ್ಣಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಅದರೊಳಗಿಂದ ಲೋಕವೆಲ್ಲ ಕಾಲುಭಾಗದಷ್ಟು ಹಿಗ್ಗಿ ಕಾಣುತ್ತಿತ್ತು. ಲೋಟಕ್ಕೆ ಬಗ್ಗಿಸಿದ ನೀರು ನೆಲಕ್ಕೆ ಬೀಳುತ್ತಿತ್ತು. ಹೊಸ್ತಿಲು ಇದ್ದೆಡೆ ಇರದೆ ಕಾಲು ಎಡವುತ್ತಿತ್ತು. ಪಕ್ಕದಿಂದ ಬಂದ ಎತ್ತು ಥಟ್ಟನೆ ಎದುರಿಗೆ ಮೂಡುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಕುರುಡು. ಹೊಸದನ್ನು ಕೊಳ್ಳಲು ಕಾಸೆಲ್ಲಿ? ಶಸ್ತ್ರಕ್ರಿಯೆ ಎಷ್ಟಾಯಿತೆಂಬ ಲೆಕ್ಕ ಸರಿಯಾಗಿಯೇ ಇತ್ತು. ವರ್ಷದ ಬಳಿಕ ಆ ಕಣ್ಣಿಗೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತದೆಯೇ ಎಂದು ಕೇಳಲು ಊರಿಗೆ ಮರಳಿ ಹೋಗುವವರು ಬೇಕಿತ್ತು.

ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಮಸೂರ ಕೂರಿಸಿದ್ದರು. ಅದು ಬಡವರ ಕೈಗೆಟುಕುವ ಬೆಲೆಗೆ ಇಳಿದದ್ದು 1992ರಲ್ಲಿ ಮಧುರೆಯ ಅರೋಲ್ಯಾಬ್ ತಯಾರಿಕೆಗೆ ತೊಡಗಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯೂ ಮುಂದೆ ಅಳತೆಗೋಲನ್ನು ಬದಲಿಸಿತು: ಶಸ್ತ್ರಕ್ರಿಯೆಯಾದ ನೂರು ಕಣ್ಣುಗಳಲ್ಲಿ ಎಂಬತ್ತಾದರೂ 6/18 (ಸರಿಯಾದ ಕಣ್ಣು ಹದಿನೆಂಟು ಮೀಟರಿನಿಂದ ಕಾಣುವುದನ್ನು ಆರು ಮೀಟರಿನಿಂದ ಕಾಣುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು, ತೀರ ಮಂದವಾಗಿ ಉಳಿಯುವವು ಐದನ್ನು ಮೀರಬಾರದು.